ನಾಗಣಸೂರಿನ ಫುಟ್‌ಬಾಲು

ಹೋದ ವಾರ ನಮ್ಮ ಕಾರಖಾನೆಗೆ ಅಮೆರಿಕದಿಂದ ಒಂದು ಟವೆಲ್ಲಿನ ನಕ್ಷೆ ಬಂತು. ಸೊಲ್ಲಾಪುರದ ಅಕ್ಕಲಕೋಟೆ ರಸ್ತೆಯ ಎಂಐಡಿಸಿ ಕೈಗಾರಿಕಾ ವಸಾಹತಿನಲ್ಲಿ ನಮ್ಮದೊಂದು ಸಣ್ಣ ಟವೆಲ್ ಕಾರಖಾನೆ. ಮಗ್ಗಗಳನ್ನು ಯಜಮಾನರು ನೋಡಿಕೊಳ್ಳುತ್ತಾರೆ. ನಾನು ನಕ್ಷೆಯ ಟೇಬಲ್ಲಿಗೆ ಕೂತು ಅರ್ಧ ದಿನ ಬಣ್ಣ ಹೊಂದಿಸುತ್ತೇನೆ, ಇನ್ನರ್ಧ ದಿನ ಚಷ್ಮಾ ಹುಡುಕುತ್ತೇನೆ. ಈ ಸಲದ ನಕ್ಷೆಯಲ್ಲಿ ಎರಡೂ ತುದಿ ಚೂಪಾದ ಒಂದು ಕಂದು ಬಣ್ಣದ ಉಂಡೆ, ಅದರ ಹೊಟ್ಟೆಯ ಮೇಲೆ ನಾಲ್ಕು ಹೊಲಿಗೆ. ಪಕ್ಕದಲ್ಲಿ ಅದನ್ನೇ ಕಂಕುಳಲ್ಲಿ ಅವುಚಿಕೊಂಡು ಓಡುತ್ತಿರುವ ಒಬ್ಬ ದಾಂಡಿಗ. ಅವನ ಮುಖಕ್ಕೆ ತಂತಿಯ ಜಾಲರಿ.

ಮಗ್ಗ ದುರಸ್ತಿ ಮಾಡುವ ಅಂಬಾದಾಸ ಅದನ್ನು ತಿರುಗಿಸಿ ಮುರುಗಿಸಿ ನೋಡಿದ. "ಮ್ಯಾಡಮ್, ಹಾ ನಾರಳ ಉಭಾ ಘ್ಯಾಯಚಾ ಕೀ ಆಡವಾ?" ಎಂದ. ತೆಂಗಿನಕಾಯಿಯನ್ನು ನಿಲ್ಲಿಸಿ ನೇಯಬೇಕೋ ಮಲಗಿಸಿ ನೇಯಬೇಕೋ ಎಂಬುದು ಅವನ ಚಿಂತೆ. ಓಡುವವನ ಬಗ್ಗೆ ಅವನಿಗೆ ಯಾವ ಸಂಶಯವೂ ಇರಲಿಲ್ಲ. ಕಾಯಿ ಕದ್ದು ಓಡುತ್ತಿದ್ದಾನೆ, ದಾರಿಯಲ್ಲಿ ಒಡೆದು ತಿಂದಾನೆಂದು ಎತ್ತಿಗೆ ಕಟ್ಟುವ ಬಾಯಿಕುಕ್ಕೆ ಕಟ್ಟಿದ್ದಾರೆ.

"ಇದು ಫುಟ್‌ಬಾಲು, ಅಂಬಾದಾಸ" ಎಂದೆ.

ಅವನು ನಕ್ಷೆಯನ್ನು ಇನ್ನೊಮ್ಮೆ ನೋಡಿ, "ಮಗ ಪಾಯ ಕುಠೆ ಲಾಗತೋ?" ಎಂದು ಕೇಳಿದ. ಕಾಲು ಎಲ್ಲಿ ತಾಗುತ್ತದೆ ಎಂದು. ಎಂಥ ನ್ಯಾಯವಾದ ಪ್ರಶ್ನೆ ನೋಡಿ. ನಾನು ಚಷ್ಮಾ ತೆಗೆದಿಟ್ಟು ಅಮೆರಿಕದ ಕಾಲೇಜು ಹುಡುಗರು ಮೊದಮೊದಲು ಹೇಗೆ ಕಾಲಿನಿಂದ ಆಡುತ್ತಿದ್ದರು, ಆಮೇಲೆ ಹೇಗೆ ಕೈಗೆ ಬಂದರು, ಹೇಗೆ ಒಬ್ಬರನ್ನೊಬ್ಬರು ತುಳಿದರು ಎಂಬುದನ್ನೆಲ್ಲ ಅರ್ಧ ಗಂಟೆ ವಿವರಿಸಿದೆ. ನೂಲಿನ ಕಂಡಿಕೆ ಸುತ್ತುವ ಹೆಂಗಸರೂ ಕೆಲಸ ಬಿಟ್ಟು ಬಂದು ನಿಂತರು. ಯಜಮಾನರು ಬಾಗಿಲಲ್ಲೇ ನಿಂತು ಕೇಳಿಸಿಕೊಂಡು, "ಇದು ನಿನಗ ಹ್ಯಾಂಗ ಗೊತ್ತು?" ಎಂದರು. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಹೆಂಡತಿಯ ಬಗ್ಗೆ ಒಂದು ಹೊಸ ಸಂಗತಿ ತಿಳಿದವರ ಮುಖದಲ್ಲಿ ಇರುವ ಗಾಬರಿ ಅವರ ಮುಖದಲ್ಲಿತ್ತು. ಓದಿದ್ದೆ ಎಂದು ಹಾರಿಸಿಬಿಟ್ಟೆ. ಅವರಿಗೆ ಹಾರಿಸಿದ್ದನ್ನು ನಿಮಗೆ ಹೇಳುತ್ತೇನೆ.

ನನ್ನ ತಾಯಿಯ ತವರು ನಾಗಣಸೂರ. ಕುರಿ ಸಾಕುವವರು, ಬೀರೋಬ ದೇವರ ಒಕ್ಕಲು. ಅಪ್ಪನದು ಸೊಲ್ಲಾಪುರದಲ್ಲಿ ಕಂಬಳಿ, ಚಾದರದ ಅಂಗಡಿ. ಅಂದರೆ ಒಂದು ಕಡೆಯವರು ಉಣ್ಣೆ ಬೆಳೆಯುತ್ತಿದ್ದರು, ಇನ್ನೊಂದು ಕಡೆಯವರು ಮಾರುತ್ತಿದ್ದರು, ನಡುವೆ ನಾನು ಬಿ.ಎ. ಎರಡನೆಯ ವರ್ಷದಲ್ಲಿ ಇಂಗ್ಲಿಷ್ ಓದುತ್ತಿದ್ದೆ. ಇದು ನಲವತ್ತು ವರ್ಷದ ಹಿಂದಿನ ಮಾತು. ಅಮ್ಮನ ಕೊನೆಯ ತಮ್ಮ ಸಿದ್ರಾಮ ಮಾಮಾ ಊರಿನ ಕನ್ನಡ ಸಾಲೆಯಲ್ಲಿ ಕವಾಯತು ಮಾಸ್ತರರು. ಲೇಜೀಮು ಕಲಿಸುತ್ತಿದ್ದರು, ಹುತುತು, ಅಂದರೆ ಕಬಡ್ಡಿ, ಆಡಿಸುತ್ತಿದ್ದರು, ಉಳಿದ ಹೊತ್ತು ಸಾಲೆಯ ಗಂಟೆ ಬಾರಿಸುತ್ತಿದ್ದರು. ನೌಕರಿ ಮಾತ್ರ ಕಾಯಂ ಆಗಿರಲಿಲ್ಲ. ಪ್ರತಿ ಜೂನಿನಲ್ಲಿ, ಈ ವರ್ಷ ಮಾಸ್ತರನೋ ಕುರುಬನೋ ಎಂದು ಅಣ್ಣಂದಿರು ಅವರನ್ನು ಕಾಡಿಸುತ್ತಿದ್ದರು.

ಆ ವರ್ಷ ಹೆಡ್‌ಮಾಸ್ತರರು ಅವರನ್ನು ಕರೆದು, ಸಂಕ್ರಾಂತಿಯ ನಂತರ ಅಕ್ಕಲಕೋಟೆಯಲ್ಲಿ ತಾಲೂಕಿನ ಸಾಲೆಗಳ ಫುಟ್‌ಬಾಲ್ ಪಂದ್ಯ ಇದೆ, ತಪಾಸಣೆಯ ಸಾಹೇಬರು ನೋಡಲು ಬರುತ್ತಾರೆ, ಹುಡುಗರು ಚೆನ್ನಾಗಿ ಆಡಿದರೆ ನಿಮ್ಮನ್ನು ಕಾಯಂ ಮಾಡುವ ಕಾಗದಕ್ಕೆ ಸಹಿ ಬೀಳುತ್ತದೆ ಎಂದರು. ಮಾಮಾ ಹೂಂ ಎಂದು ಬಂದರು. ಅಡಚಣೆ ಒಂದೇ: ಅವರು ಫುಟ್‌ಬಾಲ್ ಪಂದ್ಯವನ್ನು ಕಣ್ಣಿಂದ ಕಂಡಿರಲಿಲ್ಲ. ಆಗ ನಾಗಣಸೂರಿನಲ್ಲಿ ಟಿ.ವಿ. ಇರಲಿಲ್ಲ. ಕಾಣದ್ದನ್ನು ಕಲಿಸಲು ಪುಸ್ತಕ ಬೇಕೆಂದು ಸೊಲ್ಲಾಪುರದ ರದ್ದಿ ಅಂಗಡಿಗಳನ್ನೆಲ್ಲ ಹುಡುಕಿ ಒಂದನ್ನು ತಂದರು. ಇಟ್ಟಿಗೆಯಷ್ಟು ದಪ್ಪ. ಮೇಲಿನ ಹೊದಿಕೆ ಅರ್ಧ ಹರಿದಿತ್ತು. ಉಳಿದರ್ಧದ ಮೇಲೆ ಫುಟ್‌ಬಾಲ್ ಎಂದಿತ್ತು. ಹರಿದುಹೋದ ಅರ್ಧದ ಮೇಲೆ ಯಾವ ದೇಶದ ಫುಟ್‌ಬಾಲ್ ಎಂದು ಬರೆದಿತ್ತು ಅನ್ನುವುದು ನಮಗಿಬ್ಬರಿಗೂ ಹೊಳೆಯಲಿಲ್ಲ.

"ಬಾಯಾರ, ಇದನ್ನ ಓದಿ ಹೇಳಬೇಕ್ರಿ" ಎಂದು ಮಾಮಾ ನನ್ನೆದುರು ಚಕ್ಕಳಮಕ್ಕಳ ಹಾಕಿ ಕೂತರು. ಬಾಯಾರ ಎಂದರೆ ನಮ್ಮ ಕಡೆ ಮಾಸ್ತರಣಿ. ನನಗಿಂತ ಹತ್ತು ವರ್ಷ ದೊಡ್ಡವರು ಹಾಗೆ ಕರೆದರೆ ಯಾರ ತಲೆ ನೆಟ್ಟಗಿದ್ದೀತು, ನೀವೇ ಹೇಳಿ. ಮನೆಯಲ್ಲಿ ಆಗ ನನಗೆ ವರ ನೋಡುತ್ತಿದ್ದರು. ಬಂದವರು ಹಾಡು ಬರುತ್ತದೆಯೇ ಎಂದು ಕೇಳಿದ ಮೇಲೆ ಇಂಗ್ಲಿಷ್ ಬರುತ್ತದೆಯೇ ಎಂದು ಕೇಳುತ್ತಿದ್ದರು, ಪೇಪರಿನ ನಾಲ್ಕು ಸಾಲು ಓದಿಸುತ್ತಿದ್ದರು, ಅರ್ಥವಾಯಿತೆನ್ನುವಂತೆ ತಲೆಯಾಡಿಸಿ ಉಪ್ಪಿಟ್ಟು ತಿನ್ನುತ್ತಿದ್ದರು. ನಾನು ಓದಿದ್ದನ್ನು ವಹಿಯಲ್ಲಿ ಬರೆದುಕೊಂಡವರು ಮಾಮಾ ಒಬ್ಬರೇ. ಪ್ರತಿ ರವಿವಾರ ಬೆಳಗಿನ ಎಸ್‌ಟಿ ಬಸ್ಸಿಗೆ ಬಂದು, ಮಧ್ಯಾಹ್ನದವರೆಗೆ ಕೂತು, ಸಂಜೆ ನಾಗಣಸೂರಿಗೆ ಹೋಗಿ, ಸೋಮವಾರ ಅದನ್ನೇ ಹುಡುಗರಿಗೆ ಕಲಿಸುತ್ತಿದ್ದರು.

ಮೊದಲ ಅಧ್ಯಾಯದಲ್ಲಿ ತೊಂದರೆಯೇ ಇರಲಿಲ್ಲ. ಎರಡು ಕಾಲೇಜುಗಳ ಹುಡುಗರು ಕೋಟು, ಟೊಪ್ಪಿಗೆ ತೆಗೆದಿಟ್ಟು, ಒಂದೊಂದು ಕಡೆಗೆ ಇಪ್ಪತ್ತೈದು ಮಂದಿ ನಿಂತು, ದುಂಡನೆಯ ಚೆಂಡನ್ನು ಒದೆಯುತ್ತಾರೆ, ಎತ್ತಿಕೊಂಡು ಓಡುವಂತಿಲ್ಲ. ಪುಸ್ತಕ ಅಲ್ಲಿಗೇ ಮುಗಿದಿದ್ದರೆ ಮಾಮಾ ಮರುವರ್ಷವೇ ಕಾಯಂ ಆಗುತ್ತಿದ್ದರು. ಆದರೆ ಮುಂದಿನ ಅಧ್ಯಾಯದಲ್ಲಿ ಇನ್ನೊಂದು ಕಾಲೇಜಿನವರಿಗೆ ಈ ಆಟ ಸಪ್ಪೆ ಅನ್ನಿಸುತ್ತದೆ. ಕೆನಡಾದ ಕಾಲೇಜೊಂದರ ಹುಡುಗರು ಬಂದು ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡಿ ತೋರಿಸುತ್ತಾರೆ, ಇವರಿಗೆ ಅದೇ ರುಚಿಸುತ್ತದೆ. ಆಮೇಲೆ ಮಂದಿ ಹನ್ನೊಂದಕ್ಕೆ ಇಳಿಯುತ್ತಾರೆ, ನಿಯಮಗಳು ಒಂದೊಂದಾಗಿ ಬದಲಾಗುತ್ತವೆ. ನಾನು ಓದುವುದನ್ನು ನಿಲ್ಲಿಸಿ ಮಾಮಾನ ಮುಖ ನೋಡಿದೆ.

"ಅಂದ್ರ ಸುಧಾರಣಾ ಆಗ್ಯಾದ" ಎಂದರು ಅವರು, ಪೆನ್ಸಿಲ್ಲಿನಿಂದ ಕಿವಿ ಕೆರೆಯುತ್ತ. "ಕಾಲಿಲೆ ಆಡೂದು ಹಳೇ ಪದ್ಧತಿ. ಕೈಯಾಗ ಹಿಡದು ಓಡೂದು ಹೊಸಾದು. ನಾವು ಹೊಸಾ ಪದ್ಧತಿ ಆಡೂಣ್ರಿ ಬಾಯಾರ. ಸಾಹೇಬಗ ಹಳೇದು ಯಾಕ ತೋರಸೂದು?"

ನನಗೂ ಅದು ಸರಿ ಅನ್ನಿಸಿತು. ಹೊಸದು ಬಂದ ಮೇಲೆ ಹಳೆಯದನ್ನು ಯಾರು ಆಡುತ್ತಾರೆ?

ಇನ್ನು ನನ್ನ ಅನುವಾದದ ಪ್ರತಾಪ ಕೇಳಿ. ಆ ಕಾಲೇಜಿನವರು ಚೆಂಡಿಗೆ ಪ್ರೀತಿಯಿಂದ ಹಂದಿಚರ್ಮ ಎನ್ನುತ್ತಾರೆಂದು ಪುಸ್ತಕದಲ್ಲಿತ್ತು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ, ಮಾಮಾ ಬರೆದುಕೊಂಡರು, ಸೋಮವಾರ ಓದಿದರು. ಮಂಗಳವಾರ ಬೆಳಗ್ಗೆ ಸಾಲೆಯ ಬಾಗಿಲಲ್ಲಿ ಊರಿನ ಮುದುಕಿಯರೆಲ್ಲ ಬಂದು ನಿಂತಿದ್ದರು. "ಬೀರೋಬನ ಗುಡಿ ಹತ್ತೂ ಮಕ್ಕಳು ಹಂದಿ ತೊಗಲು ಮುಟ್ಟಬೇಕೇನ್ರಿ ಮಾಸ್ತರ?" ಎಂದು ಕೇಳಿದವಳು ನನ್ನ ಸ್ವಂತ ಅಜ್ಜಿ, ಮಾಮಾನ ಸ್ವಂತ ತಾಯಿ. ಮಾಮಾ ಕುರಿಯ ತೊಗಲಿನಲ್ಲಿ ಚೆಂಡು ಹೊಲಿಸಿ, ಒಳಗೆ ಉಣ್ಣೆ ತುಂಬಿಸಿ, ದೇವರ ಮುಂದಿಟ್ಟು ಅರಿಸಿನದ ಭಂಡಾರ ಹಚ್ಚಿಸಿದ ಮೇಲೆ ಊರು ತಣ್ಣಗಾಯಿತು. ಚಿತ್ರದಲ್ಲಿದ್ದಂತೆ ಉದ್ದುದ್ದವಾಗಿಯೇ ಇತ್ತು ಅದು. ಪುಟಿಯುತ್ತಿರಲಿಲ್ಲ, ಅಷ್ಟೇ. ಬಿದ್ದಲ್ಲಿ ಬಿದ್ದಿರುತ್ತಿತ್ತು, ಮಾವನ ಮನೆಗೆ ಬಂದ ಅಳಿಯನ ಹಾಗೆ.

ಪುಸ್ತಕದಲ್ಲಿದ್ದ ಆಗಿನ ಆಟಗಾರರು ತಲೆಗೆ ಏನನ್ನೂ ಹಾಕುತ್ತಿರಲಿಲ್ಲ. ಪೆಟ್ಟು ತಡೆಯಲೆಂದು ಕೂದಲು ಬೆಳೆಸುತ್ತಿದ್ದರು. ನಮ್ಮ ಹುಡುಗರೂ ಕ್ಷೌರ ಬಿಟ್ಟರು. ಹರಕೆ ಹೊತ್ತಿದ್ದಾರೆಂದು ತಿಳಿದು ಮುದುಕಿಯರು ಅವರಿಗೆ ಹೆಚ್ಚಿಗೆ ಬೆಣ್ಣೆ ಹಾಕತೊಡಗಿದರು. ಒಬ್ಬರನ್ನೊಬ್ಬರು ಹಿಡಿದೆಳೆಯಲು ಅನುಕೂಲವಾಗಲೆಂದು ಅಲ್ಲಿಯವರು ಚಡ್ಡಿಗೆ ಹಿಡಿಕೆ ಹೊಲಿಸಿಕೊಳ್ಳುತ್ತಿದ್ದರೆಂದು ಓದಿದಾಗ ಮಾಮಾ ಬರೆದುಕೊಳ್ಳಲೇ ಇಲ್ಲ. "ನಮಗದು ಬ್ಯಾಡ್ರಿ. ನಮ್ಮ ಹುಡುಗರಿಗೆ ಉಡದಾರ ಅದಾವ" ಎಂದರು.

ಎಲ್ಲಕ್ಕಿಂತ ನಮ್ಮವರಿಗೆ ಹಿಡಿಸಿದ್ದು ಬೆಣೆ. ಹತ್ತು ಮಂದಿ ಬೆಣೆಯ ಆಕಾರದಲ್ಲಿ ಒತ್ತಾಗಿ ನಿಂತು, ಚೆಂಡು ಹಿಡಿದವನನ್ನು ನಡುವೆ ಹಾಕಿಕೊಂಡು, ಎದುರಿನವರ ಮೇಲೆ ನುಗ್ಗುವುದು. ಇದನ್ನು ಕುರಿಗಾರರ ಮಕ್ಕಳಿಗೆ ಎರಡನೆಯ ಸಲ ಹೇಳಬೇಕಾಗಲಿಲ್ಲ. ತೋಳ ಬಂದರೆ ಟಗರು ಮುಂದೆ, ಮರಿ ನಡುವೆ. ಅಷ್ಟು ಅವರಿಗೆ ಹುಟ್ಟಿದಾಗಿನಿಂದ ಗೊತ್ತು. ನಡುವಿನ ಮರಿ ಮಾಳಪ್ಪ. ತಂಡದಲ್ಲಿ ಎಲ್ಲರಿಗಿಂತ ದಪ್ಪ ಅವನೇ, ಆದರೆ ಹೆಡ್‌ಮಾಸ್ತರರ ತಂಗಿಯ ಮಗ. ಎದುರಿನವರು ಹಿಡಿದು ಕೆಡವಿದಾಗ ಚೆಂಡು ಹಿಡಿದವನು 'ಡೌನ್' ಎಂದು ತಾನೇ ಕೂಗಬೇಕು, ಆಮೇಲೆ ಅವನನ್ನು ಯಾರೂ ಮುಟ್ಟುವಂತಿಲ್ಲ ಎಂದು ಪುಸ್ತಕದಲ್ಲಿತ್ತು. ನಾನು ಬಹಳ ಯೋಚಿಸಿ ಅದನ್ನು 'ಕುಂತ್ನಿ' ಎಂದು ಕನ್ನಡಿಸಿದೆ. ಸಾಲೆಯಲ್ಲಿ ಮಾಸ್ತರರ ಮುಂದೆ ಹಾಗೆ ಏಕವಚನದಲ್ಲಿ ಕೂಗಬಾರದೆಂದು ಮಾಮಾ ಅದನ್ನು 'ಕುಂತ್ನಿರಿ' ಮಾಡಿದರು.

ದೀಪಾವಳಿಯ ಸೂಟಿಯಲ್ಲಿ ನನಗೆ ಸತ್ಯ ತಿಳಿಯಿತು. ಗೆಳತಿಯ ಜೊತೆ ಬಟ್ಟೆ ತರಲು ಹೊರಟವಳು ಒಂದು ಮೈದಾನದ ಪಕ್ಕ ಹಾದುಹೋಗುತ್ತಿದ್ದೆ. ಹುಡುಗರು ದುಂಡನೆಯ ಚೆಂಡನ್ನು ಕಾಲಿನಿಂದ, ಎದೆಯಿಂದ, ತಲೆಯಿಂದ ಆಡುತ್ತಿದ್ದರು. ಒಬ್ಬನೂ ಕೈ ಹಚ್ಚಲಿಲ್ಲ. ಗೆಳತಿಯ ಅಣ್ಣನೂ ಆಡುತ್ತಿದ್ದ. ಕೈ ಯಾಕೆ ಹಚ್ಚುವುದಿಲ್ಲ ಎಂದು ಕೇಳಿದೆ. "ಫುಟ್‌ಬಾಲ್ ಆಹೆ ನಾ, ಹಾತ ಕಸಾ ಲಾವಣಾರ?" ಎಂದು ನಕ್ಕ. ಫುಟ್‌ಬಾಲಿಗೆ ಕೈ ಹೇಗೆ ಹಚ್ಚುವುದು ಎಂದು. ಮನೆಗೆ ಬಂದು ಪುಸ್ತಕ ತೆರೆದೆ. ಎಲ್ಲವೂ ಅಲ್ಲೇ ಇತ್ತು. ಅವರ ದೇಶದಲ್ಲಿ ಆ ಆಟ ಬೇರೆಯೇ ದಾರಿ ಹಿಡಿಯಿತೆಂದು ಸ್ಪಷ್ಟವಾಗಿ ಬರೆದಿದ್ದ ಎರಡು ಪುಟಗಳನ್ನು ಕಠಿಣವೆಂದು ನಾನು ಹಾರಿಸಿಬಿಟ್ಟಿದ್ದೆ.

ಆ ರವಿವಾರ ಮಾಮಾ ಒಂದು ಡಬ್ಬಿಯಲ್ಲಿ ಗಿಣ್ಣ ತಂದಿದ್ದರು. ವಹಿ ತೆರೆದು, ಪೆನ್ಸಿಲ್ಲು ಚೂಪು ಮಾಡಿ, "ಇವತ್ತ ಯಾವ ಪಾಠರಿ ಬಾಯಾರ?" ಎಂದರು. ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಹೇಳಿದರೆ ಅವರು ಬರುವುದು ನಿಲ್ಲುತ್ತದೆ, ನಾನು ಮತ್ತೆ ಪೇಪರು ಓದಿ ತೋರಿಸುವ ಹುಡುಗಿಯಾಗುತ್ತೇನೆ. ಮುಂದಿನ ರವಿವಾರ ಹೇಳೋಣ ಎಂದುಕೊಂಡೆ. ಮುಂದಿನ ರವಿವಾರಗಳ ಗುಣ ನಿಮಗೆ ಗೊತ್ತಲ್ಲ, ಅವು ಸಾಲಾಗಿ ಬರುತ್ತವೆ. ಗಿಣ್ಣ ತಿಂದೆ, ಪಾಠ ಹೇಳಿದೆ.

ಪಂದ್ಯದ ದಿನ ನಾನೂ ಅಕ್ಕಲಕೋಟೆಗೆ ಹೋದೆ, ಬುತ್ತಿ ಕಟ್ಟಿಕೊಂಡು. ಎದುರಿನ ತಂಡ ಪಟ್ಟೆಪಟ್ಟೆಯ ಅಂಗಿ ತೊಟ್ಟಿತ್ತು. ನಮ್ಮವರು ಭುಜದವರೆಗೆ ಕೂದಲು ಬಿಟ್ಟು, ಹಣೆಗೆ ಭಂಡಾರ ಹಚ್ಚಿಕೊಂಡು ನಿಂತಿದ್ದರು. ದುಂಡು ಚೆಂಡನ್ನು ನೋಡಿ ಮಾಮಾ ನನ್ನತ್ತ ಬಾಗಿ, "ಪಾಪ, ಇವರ ಕಡೆ ಇನ್ನಾ ಹಳೇ ಚೆಂಡ ಅದ" ಎಂದರು. ನಾನು ಬುತ್ತಿಯ ಗಂಟನ್ನು ಮತ್ತೊಮ್ಮೆ ಬಿಗಿದೆ. ಆಗಲೂ ಹೊತ್ತು ಮೀರಿರಲಿಲ್ಲ.

ಸೀಟಿ ಹೊಡೆಯಿತು. ಪಟ್ಟೆ ಅಂಗಿಯವನೊಬ್ಬ ಚೆಂಡನ್ನು ಒದ್ದ. ಮಾಳಪ್ಪ ಅದನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡ. ಹತ್ತು ಮಂದಿ ಅವನ ಸುತ್ತ ಕೂಡಿ, ಒಬ್ಬರ ಉಡದಾರ ಒಬ್ಬರು ಹಿಡಿದು, ಬೀರೋಬನ ಹೆಸರು ಹೇಳಿ ಹೊರಟರು. ಎದುರಿನವರು ಇಬ್ಬರು ತಡೆಯಲು ನಿಂತು ಬಿದ್ದರು. ಉಳಿದವರು ಬುದ್ಧಿವಂತರು, ದಾರಿ ಬಿಟ್ಟರು. ಗೋಲು ಕಾಯುವವನು ಕಂಬ ಹತ್ತಿದ. ಬೆಣೆ ಗೋಲಿನೊಳಗೆ ಹೋಗಿ, ಬಲೆ ಹರಿದು, ಹಿಂದಿನ ಬೇವಿನ ಗಿಡದವರೆಗೂ ಹೋಗಿ ನಿಂತಿತು. ಅಲ್ಲಿ ಮಾಳಪ್ಪ ಚೆಂಡನ್ನು ನೆಲಕ್ಕೆ ಮುಟ್ಟಿಸಿ, ಅದರ ಮೇಲೆ ಕೂತು, ಸೀಟಿ ಊದುತ್ತ ಓಡೋಡಿ ಬಂದ ಪಂಚರಿಗೆ ಕೈಮುಗಿದು, "ಕುಂತ್ನಿರಿ ಸರ್" ಎಂದ.

ಮೈದಾನವೆಲ್ಲ ನಕ್ಕಿತು. ಅದರಲ್ಲಿ ನಗದವರು ಮೂವರೇ: ಮಾಮಾ, ನಾನು, ತಪಾಸಣೆಯ ಸಾಹೇಬರು. ಸಾಹೇಬರು ಮಾಮಾನನ್ನು ಕರೆಸಿ, ಇದೇನೆಂದು ಮರಾಠಿಯಲ್ಲಿ ಕೇಳಿದರು. ಮಾಮಾ ಚೀಲದಿಂದ ಪುಸ್ತಕ ತೆಗೆದು ತೋರಿಸಿದರು. ಸಾಹೇಬರು ನಾಲ್ಕು ಪುಟ ತಿರುವಿದರು. "ಹೆ ಪುಸ್ತಕ ಕೋಣೀ ವಾಚಲಂ?" ಎಂದರು. ಯಾರು ಓದಿದ್ದು ಎಂದು. ನಾನು ಹತ್ತು ಹೆಜ್ಜೆಯ ಮೇಲೆ ಬುತ್ತಿ ಹಿಡಿದು ನಿಂತಿದ್ದೆ. ಮಾಮಾ ಎದೆ ಸೆಟೆಸಿ, "ಮೀಚ್ ವಾಚಲಂ ಸಾಹೇಬ" ಎಂದರು. ನಾನೇ ಓದಿದೆ ಎಂದು. ನಾನು ಬಾಯಿ ತೆರೆಯಲಿಲ್ಲ.

ಕಾಗದಕ್ಕೆ ಸಹಿ ಬೀಳಲಿಲ್ಲ. ಜೂನಿನಲ್ಲಿ ಸಾಲೆಗೆ ಬೇರೆ ಮಾಸ್ತರರು ಬಂದರು. ಮಾಮಾ ಅಣ್ಣಂದಿರ ಕುರಿಯ ಹಿಂದೆ ಹೋದರು. ಎಷ್ಟೋ ವರ್ಷಗಳ ಮೇಲೆ ಇದೇ ಎಂಐಡಿಸಿಯ ಒಂದು ಗಿರಣಿಯಲ್ಲಿ ಹಾಜರಿ ಬರೆಯುವ ಕೆಲಸ ಸಿಕ್ಕಿತು, ನಿವೃತ್ತರೂ ಆದರು. ಮದುವೆ ಮುಂಜಿಗಳಲ್ಲಿ ಸಿಗುತ್ತಿದ್ದರು, ನಗುತ್ತಿದ್ದರು. ಬಾಯಾರ ಎಂದು ಮಾತ್ರ ಮತ್ತೆ ಕರೆಯಲಿಲ್ಲ. ನನ್ನನ್ನು ಉಳಿಸಲು ಸುಳ್ಳು ಹೇಳಿ ನೌಕರಿ ಕಳೆದುಕೊಂಡವರ ಮುಂದೆ ನಾನು ಲಾಡು ಬಡಿಸುತ್ತಿದ್ದೆ, ಯಾವಾಗಲೂ ಒಂದು ಹೆಚ್ಚು. ನಾಚಿಕೆಯನ್ನು ಲಾಡಿನಿಂದ ತೀರಿಸಬಹುದೆಂದು ಎಣಿಸಿದ್ದೆನೋ ಏನೋ. ತೀರಲಿಲ್ಲ.

ಅಂಬಾದಾಸನ ಪ್ರಶ್ನೆ ನನ್ನನ್ನು ಸುಮ್ಮನೆ ಕೂರಗೊಡಲಿಲ್ಲ. ನಿನ್ನೆ ನಾಗಣಸೂರಿಗೆ ಹೋದೆ. ಎಪ್ಪತ್ತು ದಾಟಿದ ಮಾಮಾ ಕಟ್ಟೆಯ ಮೇಲೆ ಕೂತು ಮೊಮ್ಮಗಳಿಗೆ ಜಡೆ ಹಾಕುತ್ತಿದ್ದರು. ನಕ್ಷೆ ಕೈಗೆ ಕೊಟ್ಟೆ. ಕಣ್ಣಿಗೆ ಹತ್ತಿರ ಹಿಡಿದು ನೋಡಿ ಮೊದಲು ಕೇಳಿದ್ದು, "ಅಂದ್ರ ಬಂದ್ ಮಾಡಲಿಲ್ಲೇನು?"

"ಏನು ಮಾಮಾ?"

"ಈ ಆಟ. ನೀ ಕಡೀ ಪಾಠ ಹೇಳಲೇ ಇಲ್ಲಲ್ಲ. ಹುಡುಗರು ಸಾಯಾಕತ್ಯಾರ, ಪೇಪರದಾಗ ಬಂದ್ ಮಾಡ್ರಿ ಅಂತ ಬರಿಯಾಕತ್ಯಾರ, ಅವರ ದೇಶದ ಅಧ್ಯಕ್ಷ ಕಾಲೇಜಿನವರಿಗೆ ಕರಸ್ಯಾನ. ಅಲ್ಲಿಗಿ ನಿಂತದ. ಮುಂದೇನಾತು?"

ನಲವತ್ತು ವರ್ಷ ಅವರು ಆ ಪುಟದಲ್ಲೇ ಕಾಯುತ್ತಿದ್ದರು. ಪಂದ್ಯದಿಂದ ಬರುವಾಗ ಬುತ್ತಿಯ ಜೊತೆ ನನ್ನ ಕೈಗೇ ಬಂದಿದ್ದ ಪುಸ್ತಕವನ್ನು ಮರುದಿನವೇ ನಾನು ರದ್ದಿಗೆ ಹಾಕಿದ್ದೆ. ಮುಂದಿನದು ಈ ವಾರ ಮೊಬೈಲಿನಲ್ಲಿ ಓದಿದ್ದಷ್ಟೇ. ಬಂದ್ ಮಾಡಲಿಲ್ಲ ಎಂದೆ. ಒತ್ತಾಗಿ ನುಗ್ಗಿ ತುಳಿಯುವುದು ಕಡಿಮೆಯಾಗಲೆಂದು ನಿಯಮಗಳನ್ನು ಬದಲಿಸಿದರು. ಅದರಲ್ಲಿ ಚೆಂಡನ್ನು ಮುಂದಕ್ಕೆ ಎಸೆಯಬಹುದು ಎಂಬುದೂ ಒಂದು. ಆಟ ಮೈದಾನದ ತುಂಬ ಹರಡಿಕೊಂಡಿತು.

"ಒಗೀಬಹುದು ಅಂತ ಒಂದು ಮಾತು ಮೊದಲೇ ಹೇಳಿದ್ರ ಅಷ್ಟು ಮಂದಿ ಸಾಯ್ತಿದ್ದಿಲ್ಲ" ಎಂದರು ಮಾಮಾ. ಅವರು ಆಟದ ಬಗ್ಗೆ ಹೇಳುತ್ತಿದ್ದರು. ನನಗೆ ತಡೆದುಕೊಳ್ಳಲಾಗಲಿಲ್ಲ.

"ಮಾಮಾ, ಆಟ ಬ್ಯಾರೇ ಅಂತ ನನಗ ದೀಪಾವಳಿಗೇ ಗೊತ್ತಾಗಿತ್ರಿ. ಹೇಳಲಿಲ್ಲ. ಸಾಹೇಬ ಕೇಳಿದಾಗೂ ಸುಮ್ಮ ನಿಂತೆ. ನನ್ನ ಉಳಸಾಕ ನೀವು ಸುಳ್ಳ ಹೇಳಿದ್ರಿ."

ಮಾಮಾ ಒಳಗಿನ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ನಿನ್ನ ಉಳಸಾಕ ಅಂತ ಯಾರು ಹೇಳಿದ್ರು ನಿನಗ? ಅಷ್ಟು ಮಂದ್ಯಾಗ ಸಾಹೇಬ ನನ್ನ ಕೇಳ್ಯಾನ, ಇಷ್ಟು ದಪ್ಪ ಇಂಗ್ಲಿಷ್ ಪುಸ್ತಕ ಯಾರು ಓದಿದ್ರು ಅಂತ. ತಂಗಿ, ಅಂಥಾ ಪ್ರಶ್ನಾ ನನಗ ಜನ್ಮದಾಗ ಯಾರೂ ಕೇಳಿದ್ದಿಲ್ಲ. ನಾನಽ ಅಂತ ಬಾಯಾಗ ತಾನಽ ಬಂತು. ಇವತ್ತಿಗೂ ಊರಾಗ ಎಲ್ಲಾರೂ ನಾನಽ ಓದೀನಂತ ತಿಳ್ಕೊಂಡಾರ. ಸೊಸೀ ಮುಂದ ಬಾಯಿ ಬಿಡಬ್ಯಾಡ ಮತ್ತ."

ನಾನು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಅವರೂ ನಕ್ಕರು. ಇಷ್ಟು ವರ್ಷ ಹೊತ್ತ ಭಾರ ಇಳಿಯಿತೆಂದು ನಾನು ಹಗುರಾಗುವಷ್ಟರಲ್ಲಿ ಅವರ ನಗು ನಿಂತಿತು. ಜಡೆ ಹಾಕುವ ಬೆರಳುಗಳೂ ನಿಂತವು.

"ದೀಪಾವಳಿಗೇ ಅಂದಿ?"

"ಹೂಂ ರಿ."

"ಪಂದ್ಯಕ್ಕ ಇನ್ನಾ ಮೂರು ತಿಂಗಳು ಇತ್ತಲ್ಲವಾ. ಮೂರು ತಿಂಗಳದಾಗ ಕಾಲಿಲೆ ಆಡೂದು ಕಲಸ್ತಿದ್ನಿ. ಮಾಳಪ್ಪ ಒದ್ರ ಕಲ್ಲು ಹಾರ್ತಿತ್ತು." ಮತ್ತೆ ಜಡೆ ಹೆಣೆಯತೊಡಗಿದರು. ಸಿಟ್ಟಿರಲಿಲ್ಲ ಅವರ ಮುಖದಲ್ಲಿ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. "ಆ ಸುಳ್ಳು ನಂದು ತಂಗಿ, ಅದನ್ನ ನೀ ಹೊರಬ್ಯಾಡ. ಆದ್ರ ಆ ಮೂರು ತಿಂಗಳು ನಿಂದು."

"ಹೌದ್ರಿ ಮಾಮಾ, ನಂದು" ಎಂದೆ. ಸಿದ್ರಾಮ ಮಾಸ್ತರರೆದುರು ಕೂತು ಒಂದಕ್ಷರವನ್ನೂ ತಿರುಚದೆ, ಒಂದು ಪುಟವನ್ನೂ ಹಾರಿಸದೆ ನಾನು ಹೇಳಿದ ಮೊದಲ ಮಾತು ಅದು.